ಪ್ರಶಸ್ತಿಯ ಹಿಂದಿನ ಹೆಸರು: ಡಾ. ಎಂ.ಎಚ್. ಮರಿಗೌಡರು



ಪ್ರತಿ ವರ್ಷ ರಾಗಿ ತೆನೆ ಬಲಿತು ಕೊಯ್ಲಿನ ಮಾತು ಶುರುವಾಗುವ ಹೊತ್ತಿಗೆ, ಸಾಮಾನ್ಯವಾಗಿ ನವೆಂಬರ್ ತಿಂಗಳಿನಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಕೃಷಿ ಮೇಳ ನಡೆಯುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯಿಂದ ಹೋಗಿ ಬರುವವರು ಬಹಳ ಮಂದಿ. ನೀವೂ ಹೋಗಿರುತ್ತೀರಿ. ಹೊಸ ತಳಿಯ ತಾಕುಗಳನ್ನು ನೋಡಿ, ಯಂತ್ರಗಳ ಬೆಲೆ ವಿಚಾರಿಸಿ, ಒಂದೆರಡು ಪೊಟ್ಟಣ ಬಿತ್ತನೆ ಬೀಜ ಕೊಂಡು ಸಂಜೆಯ ಬಸ್ಸು ಹತ್ತಿರುತ್ತೀರಿ. ಅದೇ ಮೇಳದ ವೇದಿಕೆಯ ಮೇಲೆ ರೈತರಿಗೆ ಪ್ರಶಸ್ತಿಗಳನ್ನು ಕೊಡುವುದನ್ನೂ ಕಂಡಿರಬಹುದು. ಅವುಗಳಲ್ಲಿ ಒಂದು, ತೋಟಗಾರಿಕೆಯಲ್ಲಿ ಒಳ್ಳೆಯ ಕೆಲಸ ಮಾಡಿದ ರೈತರಿಗೆ ಕೊಡುವ ಡಾ. ಎಂ.ಎಚ್. ಮರಿಗೌಡ ಪ್ರಶಸ್ತಿ.

ಪ್ರಶಸ್ತಿ ಪಡೆದವರ ಭಾವಚಿತ್ರ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಊರಿನವರು ಹಾರ ಹಾಕಿ ಸಂತೋಷಪಡುತ್ತಾರೆ. ಆದರೆ ಪ್ರಶಸ್ತಿಗೆ ಹೆಸರು ಕೊಟ್ಟ ಮಹನೀಯರು ಯಾರು, ಅವರ ಹೆಸರನ್ನೇ ಏಕೆ ಇಟ್ಟರು ಎಂದು ಕೇಳಿದರೆ ಈಗಿನ ಯುವ ರೈತರಲ್ಲಿ ಅನೇಕರು ಹೇಳಲಾರರು. ಅದು ಅವರ ತಪ್ಪಲ್ಲ. ಮರಿಗೌಡರು ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ಅರ್ಧ ಶತಮಾನವಾಯಿತು. ಅವರು ಕಾಲವಾಗಿಯೂ ಮೂರು ದಶಕಗಳು ಸಂದಿವೆ. ಆದರೂ ನಿಮ್ಮ ಹೊಲದ ಬದುವಿನ ಮೇಲಿನ ಮಾವಿನ ಕಸಿ ಗಿಡ, ತಾಲ್ಲೂಕಿನ ತೋಟಗಾರಿಕೆ ಕ್ಷೇತ್ರ, ಬೆಂಗಳೂರಿನ ಬೀದಿ ಬೀದಿಯ ಹಾಪ್‌ಕಾಮ್ಸ್ ಮಳಿಗೆ, ಇವುಗಳ ಹಿಂದೆ ಅವರ ಕೈ ಇದೆ. ಅದಕ್ಕಾಗಿ ಈ ವಾರ ಅವರ ಬಾಳಿನ ಕಥೆಯನ್ನೂ, ಅದರಿಂದ ನಾವು ಇಂದು ತೆಗೆದುಕೊಳ್ಳಬಹುದಾದ ನಾಲ್ಕು ಮಾತನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಬನ್ನೂರು ಸೀಮೆಯಿಂದ ಲಾಲ್‌ಬಾಗಿಗೆ

ಮರಿಗೌಡರು ಹುಟ್ಟಿದ್ದು 1916ರ ಆಗಸ್ಟ್ 8ರಂದು, ಮೈಸೂರು ಜಿಲ್ಲೆಯ ಬನ್ನೂರಿನ ಕಡೆಯ ಒಂದು ಹಳ್ಳಿಯಲ್ಲಿ. ಬನ್ನೂರು ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಗಿಡ್ಡ ಕಾಲಿನ, ಮಾಂಸ ತುಂಬಿದ ಬನ್ನೂರು ಕುರಿ. ಆ ಸೀಮೆಯಲ್ಲಿ ಹುಟ್ಟಿದ ಹುಡುಗ ಸಸ್ಯಶಾಸ್ತ್ರವನ್ನು ಆರಿಸಿಕೊಂಡು ಸ್ನಾತಕೋತ್ತರ ಪದವಿಯವರೆಗೆ ಓದಿದರು. ಹಳ್ಳಿಯ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲ ಅದು ಎಂಬುದನ್ನು ನೆನಪಿಡಬೇಕು.

1940ರ ದಶಕದ ಮೊದಲ ಭಾಗದಲ್ಲಿ ಅವರು ಮೈಸೂರು ಸಂಸ್ಥಾನದ ಸರ್ಕಾರಿ ತೋಟಗಳ ಇಲಾಖೆಗೆ ಸೇರಿದರು. ಇಲಾಖೆಯ ಕೇಂದ್ರ ಲಾಲ್‌ಬಾಗ್. 1760ರ ಸುಮಾರಿನಲ್ಲಿ ಹೈದರ್ ಅಲಿ ಹಾಕಿಸಿದ ಈ ತೋಟ, ಟಿಪ್ಪುವಿನ ಕಾಲದಲ್ಲಿ ಬೆಳೆದು, ಆಮೇಲೆ ಬ್ರಿಟಿಷರ ಕೈ ಸೇರಿ ಸಸ್ಯೋದ್ಯಾನವಾಗಿತ್ತು. ಹೊರದೇಶಗಳ ಗಿಡಮರಗಳನ್ನು ತರಿಸಿ, ಇಲ್ಲಿನ ಹವೆಗೆ ಒಗ್ಗಿಸಿ, ರೈತರಿಗೆ ಹಂಚುವುದು ಅದರ ಕೆಲಸಗಳಲ್ಲಿ ಒಂದು. ಈಗ ನಾವು ಸಂತೆಯಲ್ಲಿ ಕೊಳ್ಳುವ ಸೀಮೆಬದನೆಯಂಥ ತರಕಾರಿಗಳು ನಮ್ಮ ಸೀಮೆಗೆ ಕಾಲಿಟ್ಟಿದ್ದು ಲಾಲ್‌ಬಾಗಿನ ಬಾಗಿಲಿನಿಂದಲೇ.

ಲಾಲ್‌ಬಾಗಿನ ಮುಖ್ಯಸ್ಥರ ಸಾಲು ಬಹಳ ದೊಡ್ಡದು. 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್, ಅವರ ನಂತರ 1932ರವರೆಗೆ ಜರ್ಮನಿಯ ಕ್ರುಂಬಿಗಲ್, ಅವರ ನಂತರ ಈ ಹುದ್ದೆಗೇರಿದ ಮೊದಲ ಭಾರತೀಯ ಎಚ್.ಸಿ. ಜವರಾಯರು. ಕ್ರುಂಬಿಗಲ್ಲರ ಕಾಲದಲ್ಲಿ, 1912ರಲ್ಲಿ, ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಗಳ ಪರಂಪರೆಯನ್ನು ಬೆಳೆಸಿದ್ದು ಆ ಸಂಘ. ಜವರಾಯರು ಹಣ್ಣಿನ ಬೆಳೆಗಳ ಕಡೆ ಇಲಾಖೆಯ ಮುಖ ತಿರುಗಿಸಿದರು. ಇಂಥ ಮನೆಗೆ ಮರಿಗೌಡರು ಕಿರಿಯ ಅಧಿಕಾರಿಯಾಗಿ ಬಂದರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವರು ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ತರಬೇತಿ ಪಡೆದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪದವಿ ಗಳಿಸಿದರು. ಅಂಥ ಪದವಿ ಹಿಡಿದವರಿಗೆ ಹೊರದೇಶದಲ್ಲಿಯೇ ನೆಲೆ ನಿಲ್ಲುವ ದಾರಿ ತೆರೆದಿತ್ತು. ಅವರು ತಾಯ್ನಾಡಿಗೆ ಮರಳಿ, 1951ರಲ್ಲಿ ಲಾಲ್‌ಬಾಗಿನ ಅಧೀಕ್ಷಕರಾಗಿ ಅಧಿಕಾರ ವಹಿಸಿಕೊಂಡರು. ಆಗ ಅವರಿಗೆ ಮೂವತ್ತೈದು ವರ್ಷ.

ಅರಮನೆಯ ತೋಟದಿಂದ ರೈತನ ತೋಟಕ್ಕೆ

ಅವರು ಬಂದಾಗ ತೋಟಗಾರಿಕೆ ಎಂದರೆ ಜನರ ಮನಸ್ಸಿನಲ್ಲಿ ಇದ್ದ ಚಿತ್ರವೇ ಬೇರೆ. ಉದ್ಯಾನವೆಂದರೆ ಹೂವಿನ ಕುಂಡ, ಹಸಿರು ಹುಲ್ಲು, ಬಂಗಲೆಯ ಕೈತೋಟ. ತೋಟವೆಂದರೆ ಕೆರೆಯ ಹಿಂದೆ ತೆಂಗು, ಅಡಿಕೆ, ವೀಳ್ಯದೆಲೆ ಇದ್ದ ಬಾಗಾಯ್ತು ಜಮೀನಿನವರ ಸ್ವತ್ತು. ಖುಷ್ಕಿ ಹೊಲದಲ್ಲಿ ರಾಗಿ, ಹುರುಳಿ, ಅವರೆ ಬಿತ್ತಿ ಮುಗಿಲು ನೋಡುತ್ತ ಕುಳಿತ ರೈತನಿಗೆ ಇವೆರಡೂ ಸಂಬಂಧವಿಲ್ಲದ ಮಾತು.

ಈ ಚಿತ್ರವನ್ನು ಬದಲಿಸುವುದೇ ಮರಿಗೌಡರ ಜೀವಮಾನದ ಕೆಲಸವಾಯಿತು. ಹಣ್ಣು, ತರಕಾರಿ, ಹೂವು ಸಣ್ಣ ರೈತನ ಕೈಗೆ ಹಣ ತರುವ ಬೆಳೆಗಳು. ಅವನ್ನು ವ್ಯವಸಾಯದ ಬಾಲಂಗೋಚಿಯಂತೆ ನೋಡದೆ ಪ್ರತ್ಯೇಕ ಗಮನ ಕೊಡಬೇಕು ಎಂಬುದು ಅವರ ನಿಲುವು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾಯಿತು. ದೇಶದ ಬಹುಪಾಲು ಕಡೆ ತೋಟಗಾರಿಕೆಯು ಕೃಷಿ ಇಲಾಖೆಯ ಒಂದು ಮೂಲೆಯಲ್ಲಿ ಇದ್ದ ದಿನಗಳವು. ಹೊಸ ಇಲಾಖೆಯ ಮೊದಲ ನಿರ್ದೇಶಕರಾದ ಮರಿಗೌಡರು 1974ರವರೆಗೆ ಅದನ್ನು ನಡೆಸಿದರು. ಕರ್ನಾಟಕದ ತೋಟಗಾರಿಕೆಯ ಪಿತಾಮಹ ಎಂದು ಅವರನ್ನು ಕರೆಯುವುದು ಈ ಕಾರಣಕ್ಕೆ.

ಇಲಾಖೆ ಎಂದರೆ ಕಚೇರಿ, ಕುರ್ಚಿ, ಕಡತ ಮಾತ್ರವಾಗಬಾರದು ಎಂದು ಅವರು ಮೊದಲು ಹಿಡಿದ ಕೆಲಸ ಜಮೀನಿನದು. ರಾಜ್ಯದ ಉದ್ದಗಲಕ್ಕೂ ನೂರಾರು ತೋಟಗಾರಿಕೆ ಕ್ಷೇತ್ರಗಳು ಮತ್ತು ಸಸ್ಯಕ್ಷೇತ್ರಗಳು ಎದ್ದವು. ಅನೇಕ ಕಡೆ ಇದಕ್ಕೆ ದೊರೆತದ್ದು ಕಲ್ಲು, ಮುಳ್ಳು ತುಂಬಿದ ಬೀಳು ಭೂಮಿ. ಅಂಥ ನೆಲದಲ್ಲಿಯೇ ಹಣ್ಣಿನ ಮರ ಎಬ್ಬಿಸಿ ತೋರಿಸಿದರೆ ರೈತ ನಂಬುತ್ತಾನೆ. ಭಾಷಣದಿಂದ ನಂಬುವುದಿಲ್ಲ. ವಿಸ್ತರಣಾ ಕೆಲಸದಲ್ಲಿ ಇಪ್ಪತ್ತು ವರ್ಷ ಹಳ್ಳಿ ತಿರುಗಿದ ನನಗೆ ಇದರ ಸತ್ಯ ಚೆನ್ನಾಗಿ ಗೊತ್ತಿದೆ. ನೀವು ಕಿವಿಗಿಂತ ಕಣ್ಣನ್ನು ನಂಬುವ ಜನ, ಅದು ಸರಿಯೂ ಹೌದು.

ಲಾಲ್‌ಬಾಗನ್ನೂ ಅವರು ಹಿಗ್ಗಿಸಿದರು. ಸುತ್ತಲಿನ ಜಮೀನು ಸೇರಿಸಿಕೊಂಡು ತೋಟ ಬೆಳೆಯಿತು. ಇಂದು ಅದರ ವಿಸ್ತೀರ್ಣ ಸುಮಾರು 240 ಎಕರೆ. ನಗರ ನಾಲ್ಕೂ ಕಡೆಯಿಂದ ಒತ್ತಿಕೊಂಡು ಬಂದ ಮೇಲೆ ಒಂದು ಗುಂಟೆ ಹಸಿರು ಉಳಿಸುವುದೂ ಎಷ್ಟು ಕಷ್ಟವೆಂದು ದೇವನಹಳ್ಳಿ, ಹೊಸಕೋಟೆಯ ಜನಕ್ಕೆ ನಾನು ಹೇಳಬೇಕಾಗಿಲ್ಲ.

ತಾಯಿಮರದ ಲೆಕ್ಕ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಕರು ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಕೊಂಬು, ಮುಖ, ಗೊರಸು, ಸುಳಿ ನೋಡುತ್ತೀರಿ. ತಾಯಿ ಯಾವ ಮನೆಯದು, ಹೋರಿ ಯಾವುದು ಎಂದು ವಿಚಾರಿಸುತ್ತೀರಿ. ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಪಂದ್ಯದ ಕುದುರೆ ಬೆಳೆಸುವವರು ಇನ್ನೂ ಮುಂದೆ ಹೋಗಿ ತಲೆಮಾರುಗಳ ವಂಶಾವಳಿಯನ್ನೇ ಬರೆದಿಡುತ್ತಾರೆ. ಆದರೆ ಇದೇ ರೈತರು ಮಾವಿನ ಸಸಿ ಕೊಳ್ಳುವಾಗ ದಾರಿಬದಿಯ ಗಾಡಿಯಿಂದ ಹತ್ತು ಗಿಡ ಎತ್ತಿಕೊಂಡು ಬರುತ್ತಾರೆ. ತಾಯಿಮರ ಯಾವುದೆಂದು ಕೇಳುವುದಿಲ್ಲ.

ದನದಲ್ಲಿ ಮೋಸ ಹೋದರೆ ಒಂದು ವರ್ಷದಲ್ಲಿ ಗೊತ್ತಾಗುತ್ತದೆ. ಮರದಲ್ಲಿ ಮೋಸ ಹೋದರೆ ಐದಾರು ವರ್ಷ ನೀರು ಗೊಬ್ಬರ ಹಾಕಿದ ಮೇಲೆ ಗೊತ್ತಾಗುತ್ತದೆ. ಆಮೇಲೆ ಮರ ಕಡಿಯಲು ಮನಸ್ಸು ಬಾರದು, ಇಟ್ಟುಕೊಂಡರೆ ಲಾಭವಿಲ್ಲ. ಮಾವಿನ ವಾಟೆಯಿಂದ ಎದ್ದ ಗಿಡ ತಾಯಿಯ ಗುಣವನ್ನೇ ತರುತ್ತದೆಂಬ ಭರವಸೆ ಇಲ್ಲ. ಫಲಕ್ಕೆ ಬರುವುದೂ ತಡ. ಒಳ್ಳೆಯ ಮರದ ಕಡ್ಡಿಯಿಂದ ಮಾಡಿದ ಕಸಿ ಗಿಡ ತಾಯಿಯ ಗುಣವನ್ನು ಹಾಗೆಯೇ ತರುತ್ತದೆ, ನಾಲ್ಕೈದು ವರ್ಷಕ್ಕೆ ಫಲ ತೋರಿಸುತ್ತದೆ.

ಮರಿಗೌಡರು ಸರ್ಕಾರಿ ಕ್ಷೇತ್ರಗಳಿಗೆ ಇಷ್ಟೊಂದು ಒತ್ತು ಕೊಟ್ಟದ್ದು ಇದಕ್ಕಾಗಿಯೇ. ಗುರುತಿಸಿದ ತಾಯಿಮರಗಳ ತೋಪು ಒಂದು ಕಡೆ, ಅದರ ಪಕ್ಕದಲ್ಲಿಯೇ ಸಸಿ ಮಾಡುವ ಮಡಿ. ಕಡ್ಡಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಕೈ ತೋರಿಸಿ ಉತ್ತರ ಹೇಳಬಹುದು. ಸಸಿ ಬೆಳೆಸಿ ಮಾರುವವರ ಸಹಕಾರ ಸಂಘವೂ ಲಾಲ್‌ಬಾಗಿನ ಆಸರೆಯಲ್ಲಿ ಬೆಳೆಯಿತು. ರೈತರ ಮಕ್ಕಳಿಗೆ ಕಸಿ ಕಟ್ಟುವುದು, ಚಾಟನಿ ಮಾಡುವುದು, ಮಡಿ ನಿರ್ವಹಿಸುವುದು ಮುಂತಾದ ಕೈಕೆಲಸ ಕಲಿಸುವ ತರಬೇತಿ ಲಾಲ್‌ಬಾಗಿನಲ್ಲಿ ಇಂದಿಗೂ ನಡೆಯುತ್ತಿದೆ.

ನೀವು ಸಸಿ ಕೊಳ್ಳುವಾಗ ಇಷ್ಟನ್ನು ನೋಡಿ: ಕಸಿ ಕಟ್ಟಿದ ಜಾಗ ಚೆನ್ನಾಗಿ ಕೂಡಿರಬೇಕು, ಉಬ್ಬಿರಬಾರದು, ಬಿರುಕು ಬಿಟ್ಟಿರಬಾರದು. ಕಸಿಯ ಕೆಳಗಿನಿಂದ ಚಿಗುರು ಬಂದಿದ್ದರೆ ಅದು ಕಾಡುಗಿಡದ ಚಿಗುರು. ನೆಟ್ಟ ಮೇಲೂ ಬಂದಂತೆಲ್ಲ ಚಿವುಟುತ್ತಿರಬೇಕು. ನೆಡುವಾಗ ಕಸಿ ಜಾಗ ಮಣ್ಣಿನ ಮೇಲೆಯೇ ಇರಲಿ. ರಸೀದಿ ಪಡೆಯದೆ ಸಸಿ ಕೊಳ್ಳಬೇಡಿ.

ದ್ರಾಕ್ಷಿ ಬೆಳೆಗಾರರ ಸಂಘ

ಮರಿಗೌಡರ ಕೆಲಸಗಳಲ್ಲಿ ನಮ್ಮ ಸೀಮೆಗೆ ಅತಿ ಹತ್ತಿರವಾದದ್ದು ಇದು. ಬೆಂಗಳೂರಿನ ಉತ್ತರಕ್ಕೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರಗಳು ಹಳೆಯವು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಈಗ ಭೌಗೋಳಿಕ ಸೂಚಿಕೆ ಪಡೆದ ತಳಿ. ಹುಳಿಸಿಹಿ ರುಚಿ, ದಪ್ಪ ಸಿಪ್ಪೆ, ಬೀಜ ಇರುವ ಹಣ್ಣು. ರಸಕ್ಕೂ ವೈನಿಗೂ ಹೊಂದುತ್ತದೆ. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ.

ಆದರೆ ದ್ರಾಕ್ಷಿ ಬೆಳೆದವನ ಕಷ್ಟ ರಾಗಿ ಬೆಳೆದವನಿಗೆ ಇಲ್ಲ. ರಾಗಿಯನ್ನು ಹಗೇವಿಗೆ ಸುರಿದು ಬೆಲೆ ಬರುವವರೆಗೆ ಕಾಯಬಹುದು. ಗೊಂಚಲು ಕತ್ತರಿಸಿದ ದ್ರಾಕ್ಷಿ ಕಾಯುವುದಿಲ್ಲ. ಬೆಳಗ್ಗೆ ಕಿತ್ತದ್ದು ಸಂಜೆಗೆ ಬಾಡುತ್ತದೆ, ಎರಡು ದಿನಕ್ಕೆ ಉದುರುತ್ತದೆ. ಬುಟ್ಟಿ ಹೊತ್ತು ಮಂಡಿಗೆ ಬಂದ ರೈತ ಹಣ್ಣನ್ನು ವಾಪಸು ಒಯ್ಯಲಾರ ಎಂಬುದು ಕೊಳ್ಳುವವನಿಗೆ ಗೊತ್ತು. ಬೆಲೆ ಕಟ್ಟುವವನೂ ಅವನೇ, ತೂಕ ಹಾಕುವವನೂ ಅವನೇ, ಸೂಟು ಕಳೆಯುವವನೂ ಅವನೇ. ಮೊದಲೇ ಮುಂಗಡ ಕೊಟ್ಟಿದ್ದರಂತೂ ರೈತನಿಗೆ ಬಾಯಿಯೇ ಇಲ್ಲ. ಗಿಡಕ್ಕೆ ಔಷಧಿ ಹೊಡೆದು ರೋಗ ನಿಲ್ಲಿಸಬಹುದು, ಮಂಡಿಯಲ್ಲಿ ಹೋಗುವ ಹಣಕ್ಕೆ ಔಷಧಿ ಯಾವುದು?

ಬೆಳೆಸುವುದನ್ನು ಕಲಿಸಿ ಮಾರುವುದನ್ನು ರೈತನ ಹಣೆಬರಹಕ್ಕೆ ಬಿಡುವುದು ಅರ್ಧ ಕೆಲಸ ಎಂದು ಮರಿಗೌಡರು ಕಂಡುಕೊಂಡರು. ಅವರ ಪ್ರೇರಣೆಯಿಂದ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘ ರೂಪುಗೊಂಡಿತು. 1959ರ ಸೆಪ್ಟೆಂಬರ್ 10ರಂದು ಅಂದಿನ ಉಪರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್ ಅದನ್ನು ಉದ್ಘಾಟಿಸಿದರು. ತೋಟಗಾರಿಕೆ ಪ್ರತ್ಯೇಕ ಇಲಾಖೆಯಾಗುವ ನಾಲ್ಕು ವರ್ಷ ಮೊದಲೇ ನಡೆದ ಮಾತಿದು. ಮರಿಗೌಡರು ಇಲಾಖೆಗಾಗಿ ಕಾಯಲಿಲ್ಲ. ಮೊದಲು ಬೆಳೆಗಾರರನ್ನು ಒಂದುಗೂಡಿಸಿದರು.

ದ್ರಾಕ್ಷಿಯಿಂದ ಶುರುವಾದ ಸಂಘ ಕ್ರಮೇಣ ಬೇರೆ ಹಣ್ಣುಗಳನ್ನೂ ತರಕಾರಿಗಳನ್ನೂ ಸೇರಿಸಿಕೊಂಡಿತು. 1980ರ ದಶಕದಲ್ಲಿ ಹೆಸರೂ ಬದಲಾಗಿ ತೋಟಗಾರಿಕೆ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘವಾಯಿತು. ಅದೇ ನಾವೆಲ್ಲ ಬಲ್ಲ ಹಾಪ್‌ಕಾಮ್ಸ್.

ಸಂಘದ ರೀತಿ ಸರಳ. ಸದಸ್ಯ ರೈತ ತನ್ನ ಸರಕನ್ನು ಸಂಗ್ರಹಣಾ ಕೇಂದ್ರಕ್ಕೆ ತರುತ್ತಾನೆ. ಅಲ್ಲಿ ದರ್ಜೆ ನೋಡಿ, ಅವನ ಕಣ್ಣೆದುರಿಗೇ ತೂಕ ಹಾಕುತ್ತಾರೆ. ಆ ದಿನದ ಬೆಲೆ ಗೊತ್ತಾಗಿರುತ್ತದೆ. ಅಲ್ಲಿಂದ ಸರಕು ಲಾರಿಗಳಲ್ಲಿ ನಗರದ ಮಳಿಗೆಗಳಿಗೆ ಹೋಗಿ ನೇರವಾಗಿ ಗ್ರಾಹಕನ ಚೀಲ ಸೇರುತ್ತದೆ. ನಡುವೆ ಕೈ ಬದಲಾಯಿಸುವವರು ಕಡಿಮೆಯಾದಷ್ಟೂ ಗ್ರಾಹಕ ಕೊಟ್ಟ ರೂಪಾಯಿಯಲ್ಲಿ ರೈತನಿಗೆ ಸೇರುವ ಪಾಲು ಹೆಚ್ಚು. ಇನ್ನೊಂದು ಲಾಭವೂ ಇದೆ. ಸಂಘದ ಬೆಲೆ ಹಲಗೆಯ ಮೇಲೆ ಬರೆದಿದ್ದರೆ, ಸದಸ್ಯನಲ್ಲದ ರೈತನೂ ಮಂಡಿಯಲ್ಲಿ ಅದನ್ನು ಹೇಳಿ ಚೌಕಾಸಿ ಮಾಡಬಹುದು.

ಇಂದಿನ ಸ್ಥಿತಿಯನ್ನೂ ಮುಚ್ಚಿಡದೆ ಹೇಳಬೇಕು. ನಗರದಲ್ಲಿ ಹಾಪ್‌ಕಾಮ್ಸ್ ಮಳಿಗೆಗಳ ಸಂಖ್ಯೆ ಹಿಂದೆ ಇದ್ದಷ್ಟು ಈಗ ಇಲ್ಲ. ದೊಡ್ಡ ಬಂಡವಾಳದ ಅಂಗಡಿಗಳು ಬಂದಿವೆ. ಮೊಬೈಲಿನಲ್ಲಿ ಒತ್ತಿದರೆ ತರಕಾರಿ ಮನೆ ಬಾಗಿಲಿಗೆ ಬರುತ್ತದೆ. ಅವರು ನೇರವಾಗಿ ಹೊಲಕ್ಕೆ ಬಂದು ಕೊಳ್ಳುವುದೂ ಉಂಟು. ಒಳ್ಳೆಯ ಬೆಲೆ ಸಿಕ್ಕರೆ ಕೊಡಬೇಡಿ ಎಂದು ನಾನು ಹೇಳಲಾರೆ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಬೆಲೆ ಏರಿದ ದಿನ ಸರಕನ್ನು ಹೊರಗೆ ಕೊಟ್ಟು, ಬೆಲೆ ಬಿದ್ದ ದಿನ ಮಾತ್ರ ಸಂಘದ ಬಾಗಿಲಿಗೆ ತಂದರೆ, ಏರಿದ ದಿನ ಸಂಘದ ಮಳಿಗೆ ಖಾಲಿ, ಬಿದ್ದ ದಿನ ಸರಕು ಕೊಳೆತು ನಷ್ಟ. ಎರಡು ದಿನವೂ ಪೆಟ್ಟು ತಿಂದ ಸಂಘ ಎಷ್ಟು ವರ್ಷ ನಿಂತೀತು? ಅದು ಮುಚ್ಚಿದ ಮರುದಿನ ಹೊರಗಿನವನು ಇದೇ ಬೆಲೆ ಕೊಡುತ್ತಾನೆಯೇ? ಎದುರಿಗೆ ಇನ್ನೊಬ್ಬ ಕೊಳ್ಳುವವನು ಇರುವವರೆಗೆ ಮಾತ್ರ ಬೆಲೆ ಬೆಲೆಯಾಗಿರುತ್ತದೆ. ಹಾಲಿನ ಸಂಘಕ್ಕೆ ಬೆಳಗ್ಗೆ ಸಂಜೆ ತಪ್ಪದೆ ಹಾಲು ಹಾಕುವ ನೀವು ಇದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲಿರಿ.

ಕೊಡದಲ್ಲಿ ನೀರು ಹೊತ್ತು ಬೆಳೆಸುವ ತೋಟ

ಮರಿಗೌಡರು ಮತ್ತೆ ಮತ್ತೆ ಹೇಳುತ್ತಿದ್ದ ವಿಷಯ ಒಣಭೂಮಿಯ ತೋಟಗಾರಿಕೆ. ನೀರಾವರಿ ಇಲ್ಲದ ಖುಷ್ಕಿ ಜಮೀನಿನಲ್ಲಿಯೂ ಹಣ್ಣಿನ ಮರ ಬೆಳೆಸಬಹುದು, ಬೆಳೆಸಲೇಬೇಕು ಎಂಬುದು ಅವರ ದೃಢ ನಂಬಿಕೆ. ಕೊಳವೆಬಾವಿಗಳು ಇನ್ನೂ ಹೆಚ್ಚಾಗದಿದ್ದ ಕಾಲದಲ್ಲಿ ಅವರು ಹಿಡಿದ ಈ ದಾರಿ, ಕೊಳವೆಬಾವಿಗಳು ಬತ್ತುತ್ತಿರುವ ಈ ಕಾಲಕ್ಕೆ ಇನ್ನೂ ಹೆಚ್ಚು ಬೇಕಾಗಿದೆ. ನಮ್ಮ ತಾಲ್ಲೂಕುಗಳಲ್ಲಿ ಸಾವಿರ ಅಡಿ ಕೊರೆದರೂ ದೂಳು ಮಾತ್ರ ಬಂದದ್ದನ್ನು ನೀವೇ ನೋಡಿದ್ದೀರಿ. ಸಾಲ ಮಾಡಿ ಕೊರೆಸಿ, ಮೋಟಾರು ಇಳಿಸದೆಯೇ ಕೇಸಿಂಗ್ ಪೈಪಿನ ಬಾಯಿಗೆ ಕಲ್ಲು ಮುಚ್ಚಿದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ.

ಈ ಪದ್ಧತಿಯ ತಿರುಳನ್ನು ನಿಮ್ಮ ಅನುಕೂಲಕ್ಕೆ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಮರದ ಆಯ್ಕೆ. ಮಾವು, ಹಲಸು, ನೇರಳೆ, ಹುಣಸೆ, ಸೀತಾಫಲ, ನೆಲ್ಲಿ, ಗೋಡಂಬಿ ಮೊದಲಾದವು ಬೇರನ್ನು ಆಳಕ್ಕೆ ಇಳಿಸಿ ತಮ್ಮ ನೀರನ್ನು ತಾವೇ ಹುಡುಕಿಕೊಳ್ಳುವ ಮರಗಳು. ನಮ್ಮಲ್ಲಿ ವರ್ಷಕ್ಕೆ ಬೀಳುವ ಸುಮಾರು 800 ಮಿಲಿಮೀಟರ್ ಮಳೆ ಇವಕ್ಕೆ ಸಾಕು.

ಎರಡನೆಯದು ಗುಂಡಿ. ಬೇಸಿಗೆಯಲ್ಲಿಯೇ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ತೆಗೆಸಿ ಕೆಲವು ವಾರ ಬಿಸಿಲಿಗೆ ಬಿಡಿ. ಮೇಲಿನ ಮಣ್ಣನ್ನು ಒಂದು ಕಡೆ, ಅಡಿಯ ಮಣ್ಣನ್ನು ಇನ್ನೊಂದು ಕಡೆ ಹಾಕಿ. ತುಂಬುವಾಗ ಮೇಲ್ಮಣ್ಣಿನ ಜೊತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಗೆದ್ದಲಿನ ಕಾಟವಿದ್ದರೆ ಹಸಿ ಗೊಬ್ಬರ ಬೇಡವೇ ಬೇಡ. ಬೇವಿನ ಹಿಂಡಿ ಸೇರಿಸಿದರೆ ಒಳ್ಳೆಯದು.

ಮೂರನೆಯದು ಅಂತರ. ಮಾವು, ಹಲಸು, ಹುಣಸೆಗಳಿಗೆ ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 40 ಅಡಿ ಕೊಟ್ಟರೆ ಎಕರೆಗೆ 27 ಗಿಡ ಹಿಡಿಯುತ್ತವೆ. ನೋಡಲು ವಿರಳ ಎನಿಸುತ್ತದೆ. ಆದರೆ ಸಾಲುಗಳ ನಡುವೆ ಹಲವು ವರ್ಷ ರಾಗಿ, ಅವರೆ, ಹುರುಳಿ, ತೊಗರಿ ಬೆಳೆಯಬಹುದು. ಮನೆಗೆ ಮುದ್ದೆ, ದನಕ್ಕೆ ಹುಲ್ಲು ತಪ್ಪುವುದಿಲ್ಲ.

ನಾಲ್ಕನೆಯದು ನೀರು. ಮುಂಗಾರು ಹಿಡಿದ ಮೇಲೆ ನೆಡಬೇಕು. ಕಷ್ಟವಿರುವುದು ಮೊದಲ ಎರಡು ಮೂರು ಬೇಸಿಗೆ ಮಾತ್ರ. ಒಂದು ಗಿಡಕ್ಕೆ ವಾರಕ್ಕೆ ಒಂದು ಕೊಡ, ಅಂದರೆ ಸುಮಾರು 15 ಲೀಟರ್ ಎಂದಿಟ್ಟುಕೊಳ್ಳಿ. 27 ಗಿಡಕ್ಕೆ 405 ಲೀಟರ್. ಅಂದರೆ ವಾರಕ್ಕೊಮ್ಮೆ 200 ಲೀಟರಿನ ಎರಡು ಡ್ರಮ್ಮು ನೀರು. ಎತ್ತಿನ ಗಾಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಒಂದು ಬೆಳಗಿನ ಕೆಲಸ. ಗಿಡದ ಬುಡದ ಸುತ್ತ ಪಾತಿ ಮಾಡಿ ಒಣ ಹುಲ್ಲು, ಹೊಂಗೆ ಸೊಪ್ಪು, ಅವರೆ ಹೊಟ್ಟು ಮುಚ್ಚಿದರೆ ತೇವ ನಿಲ್ಲುತ್ತದೆ. ಇಳಿಜಾರು ಹೊಲವಾದರೆ ಗಿಡದ ಕೆಳಭಾಗಕ್ಕೆ ಅರ್ಧಚಂದ್ರದಂತೆ ಸಣ್ಣ ಬದು ಹಾಕಿ. ಹರಿದು ಹೋಗುವ ಮಳೆನೀರು ಬುಡದಲ್ಲಿಯೇ ಇಂಗುತ್ತದೆ.

ಐದನೆಯದು ಕಾವಲು. ಬೇಲಿ ಇಲ್ಲದ ತೋಟ ಮೇಕೆಗೆ ಮೇವು. ಗಿಡ ಎದೆಯೆತ್ತರ ಬರುವವರೆಗೆ ಮುಳ್ಳು ಕಟ್ಟುವುದನ್ನು ಮರೆಯಬೇಡಿ. ಬೇಸಿಗೆಯಲ್ಲಿ ತೋಟದ ಸುತ್ತ ಹುಲ್ಲು ಕೆರೆಸಿ ಬೆಂಕಿಯ ಭಯ ತಪ್ಪಿಸಿ.

ಇದರಲ್ಲಿ ಹೆಚ್ಚು ಖರ್ಚಿನ ಬಾಬು ಯಾವುದೂ ಇಲ್ಲ. ಬೇಕಾದದ್ದು ಮೂರು ವರ್ಷದ ತಾಳ್ಮೆ ಮತ್ತು ಮನೆಮಂದಿಯ ಕೈ. ಮಳೆ ಕೈಕೊಟ್ಟ ವರ್ಷ ರಾಗಿ ಒಣಗಿದರೂ ಹುಣಸೆ ಮರ ನಿಂತೇ ಇರುತ್ತದೆ. ಸಣ್ಣ ರೈತನಿಗೆ ಇದಕ್ಕಿಂತ ದೊಡ್ಡ ವಿಮೆ ಬೇರೆ ಇಲ್ಲ ಎಂಬುದೇ ಮರಿಗೌಡರ ವಾದದ ಸಾರ.

ಅವರು ಬಿಟ್ಟು ಹೋದದ್ದು

1974ರಲ್ಲಿ ಮರಿಗೌಡರು ಇಲಾಖೆಯಿಂದ ಹೊರಬಂದಾಗ ಹಿಂದೆ ಬಿಟ್ಟದ್ದು ತಾಲ್ಲೂಕು ತಾಲ್ಲೂಕಿಗೆ ಹಬ್ಬಿದ ಕ್ಷೇತ್ರಗಳು, ನುರಿತ ಸಿಬ್ಬಂದಿ, ತನ್ನ ಕಾಲ ಮೇಲೆ ನಿಂತ ಬೆಳೆಗಾರರ ಸಂಘ. ಅವರ ಕಾಲದಲ್ಲಿಯೇ, 1964ರಲ್ಲಿ, ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಆರಂಭವಾಯಿತು. ಅದರ ಮೊದಲ ಕುಲಪತಿ ಡಾ. ಕೆ.ಸಿ. ನಾಯಕರೂ ಹಣ್ಣಿನ ಬೆಳೆಗಳ ದೊಡ್ಡ ಪಂಡಿತರು. 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶುರುವಾಯಿತು. ಹೀಗೆ ನಮ್ಮ ನೆರೆಯಲ್ಲಿಯೇ ಸಂಶೋಧನೆ ಒಂದು ಕಡೆ, ಇಲಾಖೆ ಒಂದು ಕಡೆ, ಸಂಘ ಒಂದು ಕಡೆ ನಿಂತವು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೆಂದೇ ಪ್ರತ್ಯೇಕ ವಿಶ್ವವಿದ್ಯಾನಿಲಯ ಆಯಿತು. ಒಂದು ಕಾಲಕ್ಕೆ ಹೂವಿನ ಕುಂಡದ ಶಾಸ್ತ್ರ ಎನಿಸಿಕೊಂಡದ್ದು ಅಷ್ಟು ಎತ್ತರಕ್ಕೆ ಬೆಳೆಯಿತು.

ಅದೇ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವೂ ತೆರೆಯಿತು. ಆಮೇಲೆ ಏನಾಯಿತೆಂದು ನಿಮಗೇ ಗೊತ್ತು. ಜಮೀನಿನ ಬೆಲೆ ಗಗನಕ್ಕೇರಿತು. ದ್ರಾಕ್ಷಿ ಚಪ್ಪರದ ಕಲ್ಲುಕಂಬ ಕಿತ್ತ ಜಾಗದಲ್ಲಿ ಬಡಾವಣೆಯ ಕಲ್ಲು ನೆಟ್ಟಿದ್ದಾರೆ. ದೇವನಹಳ್ಳಿಯ ಹೆಸರು ಹೊತ್ತ ಚಕೋತ ಹಣ್ಣಿನ ಮರಗಳು ಹಿತ್ತಿಲುಗಳಲ್ಲಿ ವಿರಳವಾಗಿವೆ. ಮಾರುವುದು ಬಿಡುವುದು ಅವರವರ ಮನೆಯ ಕಷ್ಟಸುಖಕ್ಕೆ ಸೇರಿದ್ದು. ಮಗಳ ಮದುವೆ, ಮಗನ ಓದು, ತೀರದ ಸಾಲ ಇರುವವರಿಗೆ ಹೊರಗಿನವನು ಬುದ್ಧಿ ಹೇಳುವುದು ಸುಲಭ. ಆದರೆ ಮಾರದೆ ಉಳಿಸಿಕೊಂಡಿರುವವರಿಗೆ ಒಂದು ಮಾತು ಹೇಳಬಹುದು. ನಗರ ಹತ್ತಿರ ಬಂದಷ್ಟೂ ಹಣ್ಣು, ತರಕಾರಿ, ಹೂವು ಕೊಳ್ಳುವ ಬಾಯಿಗಳೂ ಹತ್ತಿರ ಬಂದಿವೆ. ನೂರು ಹರದಾರಿ ದೂರದಿಂದ ಸರಕು ತರುವವನಿಗಿಂತ ನಿಮಗೆ ಬಾಡಿಗೆ ಕಡಿಮೆ, ಹಣ್ಣು ತಾಜಾ. ಒಂಟಿಯಾಗಿ ಬುಟ್ಟಿ ಹಿಡಿದು ನಿಂತರೆ ಈ ಅನುಕೂಲ ದಲ್ಲಾಳಿಯ ಪಾಲಾಗುತ್ತದೆ. ಹತ್ತು ಮಂದಿ ಸೇರಿ ಒಂದೇ ದರ್ಜೆಯ ಸರಕು ಒಂದೇ ತೂಕದಲ್ಲಿ ಕೊಟ್ಟರೆ ನಿಮ್ಮ ಪಾಲಾಗುತ್ತದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರು ಮಾಡಿದ್ದು ಇದನ್ನೇ.

ಪ್ರಶಸ್ತಿ ಯಾರಿಗೆ?

ಮರಿಗೌಡರ ಹೆಸರಿನ ಪ್ರಶಸ್ತಿಯ ಬಗ್ಗೆ ಹಳ್ಳಿಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದು ಹತ್ತಾರು ಎಕರೆ ಇರುವವರಿಗೆ, ಹಸಿರು ಮನೆ ಕಟ್ಟಿಸಿದವರಿಗೆ, ಹೆಸರು ಹೇಳುವವರು ಇರುವವರಿಗೆ ಮಾತ್ರ ಎಂದು ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಯಾರ ಹೆಸರಿನಲ್ಲಿ ಪ್ರಶಸ್ತಿ ಇದೆಯೋ ಅವರು ಜೀವನವಿಡೀ ಸಣ್ಣ ಹಿಡುವಳಿಯ, ಖುಷ್ಕಿ ಜಮೀನಿನ ರೈತನನ್ನು ಕಣ್ಣ ಮುಂದೆ ಇಟ್ಟುಕೊಂಡು ಕೆಲಸ ಮಾಡಿದವರು ಎಂಬುದನ್ನು ಇಲ್ಲಿಯವರೆಗೆ ಓದಿದ ನೀವು ಬಲ್ಲಿರಿ. ನಿಮ್ಮದು ಎರಡೇ ಎಕರೆಯಾದರೂ ಅದರಲ್ಲಿ ಏನು ಬೆಳೆದಿರಿ, ಎಷ್ಟು ನೀರಿನಲ್ಲಿ ಬೆಳೆದಿರಿ, ಹೇಗೆ ಮಾರಿದಿರಿ, ನೆರೆಯವರಿಗೆ ಏನು ಕಲಿಸಿದಿರಿ ಎಂಬುದನ್ನು ಬರೆದಿಡಿ.

ಬರೆದಿಡುವುದು ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ರೈತರು ಕೆಲಸದಲ್ಲಿ ಹಿಂದಿಲ್ಲ, ಲೆಕ್ಕ ಇಡುವುದರಲ್ಲಿ ಹಿಂದಿದ್ದಾರೆ. ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ನೆಟ್ಟ ದಿನ, ತಳಿ, ಸಸಿ ತಂದ ಜಾಗ, ಹಾಕಿದ ಗೊಬ್ಬರ, ಕೂಲಿ, ಇಳುವರಿ, ಮಾರಿದ ಬೆಲೆ ಇಷ್ಟನ್ನೂ ಗುರುತು ಮಾಡಿ. ಓದು ಬಲ್ಲ ಮಗಳೋ ಮಗನೋ ಮನೆಯಲ್ಲಿದ್ದರೆ ಈ ಕೆಲಸ ಅವರಿಗೆ ವಹಿಸಿ. ಪ್ರಶಸ್ತಿ ಬಂದರೆ ಸಂತೋಷ. ಬಾರದಿದ್ದರೂ ಯಾವ ಬೆಳೆ ಕೈ ಹಿಡಿಯಿತು, ಯಾವುದು ಕೈ ಸುಟ್ಟಿತು ಎಂಬುದು ಆ ಪುಸ್ತಕದಲ್ಲಿ ಇರುತ್ತದೆ.

ಪ್ರಶಸ್ತಿಗೆ ಅರ್ಜಿ ಕರೆಯುವ ಸಮಯ, ಅದರ ನಿಯಮಗಳನ್ನು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ, ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿಯೂ ಕೇಳಿ. ಕಸಿ ಸಸಿಗಳಿಗೆ ಬೇಡಿಕೆಯನ್ನು ಮುಂಗಾರಿಗೆ ಮೊದಲೇ ಬರೆಸಿ. ಮಳೆ ಬಿದ್ದ ಮೇಲೆ ಹೋದರೆ ಒಳ್ಳೆಯ ಗಿಡಗಳು ಖಾಲಿಯಾಗಿರುತ್ತವೆ.

ಮರಿಗೌಡರ ಹೆಸರಿನ ಫಲಕವನ್ನು ಕೃಷಿ ಮೇಳದ ವೇದಿಕೆಯ ಮೇಲೆ ಪಡೆಯುವವರು ವರ್ಷಕ್ಕೆ ಬೆರಳೆಣಿಕೆಯ ಮಂದಿ. ಆದರೆ ಬರುವ ಬೇಸಿಗೆಯಲ್ಲಿ ಹೊಲದ ಬೀಳು ಮೂಲೆಯಲ್ಲಿ ಐದೇ ಗುಂಡಿ ತೆಗೆದು, ತಾಯಿಮರ ವಿಚಾರಿಸಿ ತಂದ ಐದು ಸಸಿ ನೆಡಲು ಯಾವ ಅರ್ಜಿಯೂ ಬೇಕಿಲ್ಲ. ಗುಂಡಿ ತೆಗೆಯುವ ಕೆಲಸವನ್ನು ಯುಗಾದಿ ಕಳೆದ ಮೇಲೆ ತಡ ಮಾಡಬೇಡಿ.